ವಿದೇಶಿ ವಿದ್ಯಾರ್ಥಿಗಳಿರುವ ತರಗತಿಗೆ ಕೋರ್ಸನ್ನು ಹೊಂದಿಸಿಕೊಳ್ಳುವ ಬಗೆ

ಹೋದ ವರ್ಷದ ಪ್ರಶ್ನೆಪತ್ರಿಕೆಯನ್ನು ಮುಂದಿಟ್ಟುಕೊಂಡು, ಕೆಂಪು ಪೆನ್ನು ಹಿಡಿದು ಕೂತುಕೊಳ್ಳಿ. ಒಂದೊಂದು ಪ್ರಶ್ನೆಗೂ ಉತ್ತರ ಬರೆಯಬೇಕಾದರೆ ವಿದ್ಯಾರ್ಥಿಗೆ ಏನೇನು ಗೊತ್ತಿರಬೇಕು ಎಂದು ಪಕ್ಕದಲ್ಲಿ ಬರೆಯುತ್ತಾ ಹೋಗಿ. ಅದರಲ್ಲಿ ನಿಮ್ಮ ಕೋರ್ಸಿನಲ್ಲಿ ಎಲ್ಲೂ ಕಲಿಸದೇ ಇರುವುದರ ಕೆಳಗೆ ಗೆರೆ ಎಳೆಯಿರಿ. ಸಂಭವನೀಯತೆಯ ಲೆಕ್ಕ ಬಿಡಿಸಲು ಇಸ್ಪೀಟಿನ ಕಟ್ಟಿನಲ್ಲಿ 52 ಎಲೆ, ನಾಲ್ಕು ಜಾತಿ, ಜಾತಿಗೆ 13 ಎಂಬುದು ಗೊತ್ತಿರಬೇಕು. ಇಸ್ಪೀಟನ್ನೇ ಮುಟ್ಟದವರಿಗೆ ಅದು ಗಣಿತದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಮಾರ್ಕೆಟಿಂಗ್ ಪ್ರಶ್ನೆಯೊಳಗೆ ಕೋರ್ಸು ನಡೆಯುವ ದೇಶದವರಿಗಷ್ಟೇ ನೆನಪಿರುವ ಒಂದು ಟಿವಿ ಜಾಹೀರಾತು ಕೂತಿರುತ್ತದೆ. ಸಾರ್ವಜನಿಕ ಆರೋಗ್ಯದ ಪ್ರಶ್ನೆ ಅಲ್ಲಿನ ವಿಮಾ ಪದ್ಧತಿ ಗೊತ್ತಿದೆ ಎಂದುಕೊಂಡೇ ಶುರುವಾಗುತ್ತದೆ. ವಿದೇಶದಿಂದ ಬಂದವರು ಎಡವುವುದು ಬಹುತೇಕ ಇಂಥ ಗೆರೆ ಬಿದ್ದ ಜಾಗಗಳಲ್ಲೇ.

ಗೆರೆ ಬಿದ್ದ ಪ್ರತಿಯೊಂದಕ್ಕೂ ಮೂರೇ ದಾರಿ. ವಿಷಯಕ್ಕೆ ಬೇಕಿಲ್ಲದಿದ್ದರೆ ತೆಗೆದುಹಾಕಿ: ಇಸ್ಪೀಟಿನ ಬದಲು ಬಣ್ಣದ ಚೆಂಡುಗಳಿರುವ ಚೀಲವಾದರೂ ಲೆಕ್ಕ ಅದೇ. ಬೇಕಿದ್ದರೆ ಕಲಿಸಿ: ವಿಮಾ ಪದ್ಧತಿಯನ್ನು ಒಂದು ಪುಟದಲ್ಲಿ ಬರೆದು ಮೊದಲ ವಾರವೇ ಕೊಡಿ. ಅದನ್ನು ಕಲಿಯಲೆಂದೇ ವಿದ್ಯಾರ್ಥಿ ಬಂದಿದ್ದರೆ, ಉದಾಹರಣೆಗೆ ಅದು ಆ ದೇಶದ ಕಾನೂನಿನ ಕೋರ್ಸಾಗಿದ್ದರೆ, ಹಾಗೇ ಇಟ್ಟುಕೊಂಡು ಕಲಿಕೆಯ ಗುರಿಗಳ ಪಟ್ಟಿಯಲ್ಲಿ ಬಾಯಿಬಿಟ್ಟು ಹೇಳಿ. ಗುರಿ, ಪಾಠ, ಪರೀಕ್ಷೆ ಮೂರೂ ಒಂದೇ ದಿಕ್ಕಿಗೆ ಮುಖ ಮಾಡಿರಬೇಕು ಎಂದು ಶಿಕ್ಷಣತಜ್ಞ ಜಾನ್ ಬಿಗ್ಸ್ 1996ರಲ್ಲಿ ಬರೆದದ್ದು ಎಲ್ಲ ವಿದ್ಯಾರ್ಥಿಗಳನ್ನೂ ಕುರಿತು. ಆದರೆ ಈ ಮೂರರ ನಡುವೆ ಬಿರುಕು ಬಿಟ್ಟಾಗ ಮೊದಲು ಪೆಟ್ಟು ತಿನ್ನುವುದು ಹೊರಗಿನಿಂದ ಬಂದವರು. ಅಲ್ಲೇ ಓದಿ ಬೆಳೆದವರು ಬಿರುಕನ್ನು ಅಂದಾಜಿನಲ್ಲೇ ದಾಟಿಬಿಡುತ್ತಾರೆ.

ಭಾಷೆಯ ವಿಷಯದಲ್ಲೂ ಇದೇ ಲೆಕ್ಕ. ಭಾಷೆ ನಿಮ್ಮ ಕೋರ್ಸಿನ ಗುರಿಯೇ? ಹೌದಾದರೆ ಅದಕ್ಕೆ ಶೇಕಡಾ 10ರಿಂದ 15 ಅಂಕ ಮೀಸಲಿಟ್ಟು, ಯಾವುದಕ್ಕೆ ಅಂಕ ಹೋಗುತ್ತದೆ ಎಂದು ತಿಳಿಸಿ, ಕಲಿಸಿ. ಅಲ್ಲವಾದರೆ ವ್ಯಾಕರಣದ ತಪ್ಪಿಗೆ ಅಂಕ ಕತ್ತರಿಸಬೇಡಿ. ಗುರಿಯಲ್ಲಿ ಹೇಳದೆ ಮೌಲ್ಯಮಾಪನದಲ್ಲಿ ಸದ್ದಿಲ್ಲದೆ ಕತ್ತರಿಸುವುದು ಅತಿ ಸಾಮಾನ್ಯ ತಪ್ಪು. ಹಾಗೆ ಕತ್ತರಿಸುತ್ತಿರುವುದು ಕತ್ತರಿಸುವವರಿಗೇ ಎಷ್ಟೋ ಸಲ ಗೊತ್ತಾಗುವುದಿಲ್ಲ.

ಪಠ್ಯಕ್ರಮವನ್ನು ಅಂತರರಾಷ್ಟ್ರೀಯ ಮಾಡುವುದೆಂದರೆ ಸ್ಲೈಡಿಗೆ ಹತ್ತು ದೇಶಗಳ ಉದಾಹರಣೆ ಅಂಟಿಸುವುದಲ್ಲ. ಒಂದೇ ಸಮಸ್ಯೆಯನ್ನು ಎರಡು ಕಡೆ ಬೇರೆ ಬೇರೆಯಾಗಿ ಬಿಡಿಸಿದ್ದನ್ನು ಪಕ್ಕಪಕ್ಕ ಇಟ್ಟು, ಏಕೆ ಬೇರೆಯಾಯಿತು ಎಂದು ಕೇಳುವ ಎರಡು ಉದಾಹರಣೆ ಸಾಕು. ಹಾಗೆ ಕೇಳುವಾಗ "ನಿಮ್ಮ ದೇಶದಲ್ಲಿ ಇದು ಹೇಗೆ?" ಎಂದು ಒಬ್ಬರನ್ನು ಎಬ್ಬಿಸಿ ನಿಲ್ಲಿಸಬೇಡಿ. ಇಪ್ಪತ್ತರ ಹರೆಯದ ವಿದ್ಯಾರ್ಥಿ ತನ್ನ ದೇಶದ ರಾಯಭಾರಿಯಲ್ಲ, ಅಲ್ಲಿನ ಬ್ಯಾಂಕಿಂಗ್ ವ್ಯವಸ್ಥೆ ಅವನಿಗೆ ಗೊತ್ತಿರಲೇಬೇಕೆಂದೂ ಇಲ್ಲ. "ನಿಮಗೆ ಪರಿಚಯವಿರುವ ಯಾವುದಾದರೂ ಎರಡು ದೇಶಗಳ ಅಂಕಿಅಂಶ ತನ್ನಿ" ಎಂದು ಎಲ್ಲರಿಗೂ ಹೇಳಿದರೆ ಕೆಲಸ ಆಗುತ್ತದೆ, ಯಾರಿಗೂ ಮುಜುಗರವಿಲ್ಲ.

ಕಿವಿಗೆ ಬೀಳುವುದು, ತಲೆಗೆ ಹೋಗುವುದು

ಪ್ರವೇಶಕ್ಕೆ ಬೇಕಾದ ಭಾಷಾ ಅಂಕ ಬಂದಿದೆ, ಇನ್ನು ಪಾಠ ಅರ್ಥವಾಗುತ್ತದೆ ಎಂದುಕೊಳ್ಳುವುದು ಅವಸರದ ಮಾತು. ಬೋಧನೆ ಇಂಗ್ಲಿಷಿನಲ್ಲಿದ್ದರೆ ಅನೇಕ ಕಡೆ ಇಂಗ್ಲಿಷ್ ಭಾಷಾ ಪರೀಕ್ಷೆಯಾದ ಐಇಎಲ್‌ಟಿಎಸ್‌ನಲ್ಲಿ 9ಕ್ಕೆ 6 ಅಥವಾ 6.5 ಕೇಳುತ್ತಾರೆ. ಯುರೋಪಿನ ಭಾಷಾ ಮಟ್ಟಗಳ ಚೌಕಟ್ಟಿನಲ್ಲಿ ಅದು ಬಿ2, ಮಧ್ಯಮಕ್ಕಿಂತ ಮೇಲಿನ ಮಟ್ಟ. ಅದರ ಮೇಲಿನ ಸಿ1 ಶುರುವಾಗುವುದು 7ರಿಂದ. ಆ ಪರೀಕ್ಷೆಯ ಆಲಿಸುವ ಭಾಗ ಸುಮಾರು ಅರ್ಧ ಗಂಟೆಯದು, ಸ್ಪಷ್ಟ ಉಚ್ಚಾರದ ಧ್ವನಿಮುದ್ರಣ. ನಿಮ್ಮ ತರಗತಿ 50 ನಿಮಿಷ, ಫ್ಯಾನಿನ ಸದ್ದು, ಬೋರ್ಡಿನ ಕಡೆ ತಿರುಗಿ ಆಡಿದ ಮಾತು.

ಅರ್ಥಕೋಶದ ಸಹಾಯವಿಲ್ಲದೆ ಸರಾಗವಾಗಿ ಓದಿ ಅರ್ಥಮಾಡಿಕೊಳ್ಳಲು ಪಠ್ಯದ ಶೇಕಡಾ 98ರಷ್ಟು ಪದಗಳು ಗೊತ್ತಿರಬೇಕು ಎಂಬುದು ಶಬ್ದಸಂಪತ್ತಿನ ಸಂಶೋಧನೆಯಲ್ಲಿ ಬಹುವಾಗಿ ಬಳಕೆಯಲ್ಲಿರುವ ಅಳತೆ. ಎಂದರೆ 400 ಪದದ ಪುಟದಲ್ಲಿ ಗೊತ್ತಿಲ್ಲದವು ಎಂಟು. ಶೇಕಡಾ 95ಕ್ಕೆ ಇಳಿದರೆ ಇಪ್ಪತ್ತು, ಪ್ರತಿ ಎರಡು ಸಾಲಿಗೊಮ್ಮೆ ಮುಗ್ಗರಿಸಿದಂತೆ. ವಿಚಿತ್ರವೆಂದರೆ ಕಷ್ಟ ಕೊಡುವುದು ಪಾರಿಭಾಷಿಕ ಪದಗಳಲ್ಲ. ಅವನ್ನು ನೀವೇ ವಿವರಿಸುತ್ತೀರಿ, ಪುಸ್ತಕದ ಕೊನೆಯಲ್ಲಿ ಪಟ್ಟಿಯೂ ಇರುತ್ತದೆ. ಎಡವಿಸುವುದು ಎಲ್ಲ ವಿಷಯಗಳಲ್ಲೂ ಸುಳಿದಾಡುವ, ಯಾರೂ ವಿವರಿಸದ ಪದಗಳು: 'ಡಿರೈವ್', 'ಅಸ್ಯೂಮ್', 'ಕಾನ್ಸಿಕ್ವೆಂಟ್ಲಿ' ಜಾತಿಯವು. ಭಾಷಾವಿಜ್ಞಾನಿ ಏವರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಶೈಕ್ಷಣಿಕ ಪದಪಟ್ಟಿಯಲ್ಲಿ ಇಂಥ 570 ಪದಕುಟುಂಬಗಳಿವೆ, ಎಂದರೆ ಒಂದೇ ಮೂಲದ ಪದಗಳ ಗುಂಪುಗಳು. ವಿಶ್ವವಿದ್ಯಾಲಯದ ಪಠ್ಯದಲ್ಲಿ ಸುಮಾರು ಹತ್ತಕ್ಕೊಂದು ಪದ ಇವುಗಳಲ್ಲೇ ಬರುತ್ತದೆ. ಇನ್ನೊಂದು ಗುಂಪು ವೇಷ ಬದಲಿಸಿದ ಪದಗಳದು: ಸಂಖ್ಯಾಶಾಸ್ತ್ರದ 'ಸಿಗ್ನಿಫಿಕೆಂಟ್' (ಮಹತ್ವದ್ದು ಎಂದಲ್ಲ, ಆಕಸ್ಮಿಕವಾಗಿ ಬಂದಿರುವ ಸಂಭವ ಕಡಿಮೆ ಎಂದು), ಅರ್ಥಶಾಸ್ತ್ರದ 'ಎಲಾಸ್ಟಿಕ್' (ಹಿಗ್ಗುವಂಥದ್ದು ಎಂದಲ್ಲ, ಬೆಲೆ ಬದಲಾದಾಗ ಬೇಡಿಕೆ ಹೆಚ್ಚು ಬದಲಾಗುವಂಥದ್ದು ಎಂದು). ವಿದ್ಯಾರ್ಥಿಗೆ ದಿನಬಳಕೆಯ ಅರ್ಥ ಗೊತ್ತಿರುವುದರಿಂದ ಅವನು ಅರ್ಥಕೋಶ ತೆರೆಯುವುದಿಲ್ಲ, ತಪ್ಪು ಅರ್ಥವನ್ನೇ ನಂಬಿಕೊಂಡು ಮುಂದೆ ಹೋಗುತ್ತಾನೆ. ಆದ್ದರಿಂದ ವಾರಕ್ಕೆ 15ರಿಂದ 20 ಪದಗಳ ಪಟ್ಟಿ ಮಾಡಿ, ಮೂರೂ ಬಗೆಯವು ಇರಲಿ, ಒಂದೊಂದಕ್ಕೂ ಒಂದೇ ವಾಕ್ಯದ ಬಳಕೆ ಕೊಡಿ. ಐವತ್ತು ಪದ ಕೊಟ್ಟರೆ ಯಾರೂ ಓದುವುದಿಲ್ಲ.

ಸ್ಲೈಡುಗಳನ್ನು ತರಗತಿಗೆ 48 ಗಂಟೆ ಮೊದಲು ಹಾಕಿ. ಹಿಂದಿನ ರಾತ್ರಿ ಹಾಕಿದರೆ ಓದಿಕೊಂಡು ಬರಲು ಹೊತ್ತಿರುವುದಿಲ್ಲ.

ಮಾತಿನ ವೇಗದ ಬಗ್ಗೆ ಒಂದು ತಪ್ಪು ತಿಳಿವಳಿಕೆಯಿದೆ. ಪದಗಳನ್ನು ಎಳೆದೆಳೆದು, ಮಗುವಿಗೆ ಹೇಳಿದಂತೆ ಮಾತಾಡಿದರೆ ಅರ್ಥವಾಗುವುದು ಹೆಚ್ಚುವುದಿಲ್ಲ, ಕೇಳುವವರಿಗೆ ಅವಮಾನವೂ ಆಗುತ್ತದೆ. ಸಹಜ ವೇಗದಲ್ಲೇ ಮಾತಾಡಿ, ಒಂದು ವಿಚಾರ ಮುಗಿದಲ್ಲಿ ಎರಡು ಸೆಕೆಂಡು ನಿಲ್ಲಿ. ಮುಂದೇನು ಬರುತ್ತದೆ ಎಂದು ಹೇಳಿ: "ಇದಕ್ಕೆ ಮೂರು ಕಾರಣ, ಮೊದಲನೆಯದು ಇದು", "ಇದು ಉದಾಹರಣೆ ಅಷ್ಟೇ, ಬರೆದುಕೊಳ್ಳುವುದು ಬೇಡ". ಸಂಖ್ಯೆಗಳನ್ನು ಬರೀ ಬಾಯಲ್ಲಿ ಹೇಳದೆ ಬೋರ್ಡಿನ ಮೇಲೂ ಬರೆಯಿರಿ. 'ಫಿಫ್ಟೀನ್', 'ಫಿಫ್ಟಿ' ಎರಡೂ ಒಂದೇ ಎಂದು ಕೇಳಿಸಿ ಇಡೀ ಲೆಕ್ಕ ಹಾಳಾಗುವುದು ಮೇಲಿಂದ ಮೇಲೆ ನಡೆಯುವಂಥದ್ದು. 'ಬಾಲ್‌ಪಾರ್ಕ್ ಫಿಗರ್' ಎನ್ನುವ ಬದಲು 'ಅಂದಾಜು' ಎಂಬ ಅರ್ಥದ ಸಾದಾ ಪದವನ್ನೇ ಬಳಸಿ. ಹಿಂದಿನ ಸಾಲಿನಿಂದ ಬಂದ ಪ್ರಶ್ನೆಯನ್ನು ಮೈಕಿನಲ್ಲಿ ಮತ್ತೊಮ್ಮೆ ಹೇಳಿ ಆಮೇಲೆ ಉತ್ತರಿಸಿ. ಇಲ್ಲದಿದ್ದರೆ ರೆಕಾರ್ಡಿಂಗ್ ಕೇಳುವವರಿಗೆ ಪ್ರಶ್ನೆಯೇ ಇಲ್ಲದ ಉತ್ತರ ಸಿಗುತ್ತದೆ. ರೆಕಾರ್ಡಿಂಗಿನ ಸ್ವಯಂಚಾಲಿತ ಉಪಶೀರ್ಷಿಕೆಗಳು ಹೆಚ್ಚಾಗಿ ಎಡವುವುದು ಹೆಸರುಗಳಲ್ಲಿ, ಪಾರಿಭಾಷಿಕ ಪದಗಳಲ್ಲಿ. ಕನಿಷ್ಠ ಅವನ್ನಾದರೂ ತಿದ್ದಿ.

50 ನಿಮಿಷದ ಉಪನ್ಯಾಸವನ್ನು 15 ನಿಮಿಷದ ಮೂರು ತುಂಡು ಮಾಡಿ, ನಡುವೆ ಎರಡೆರಡು ನಿಮಿಷ ಬಿಡಿ. ಆ ಎರಡು ನಿಮಿಷದಲ್ಲಿ ಪಕ್ಕದವರ ಜೊತೆ ಟಿಪ್ಪಣಿ ಹೋಲಿಸಿ ನೋಡಲಿ. ಎರಡನೆಯ ಭಾಷೆಯಲ್ಲಿ ಕೇಳುತ್ತಾ ಬರೆಯುವುದು ದುಪ್ಪಟ್ಟು ಕೆಲಸ, ನಡುವೆ ಉಸಿರು ಬಿಡಲು ಜಾಗ ಬೇಕು.

"ಅರ್ಥವಾಯಿತೇ?" ಎಂಬ ಪ್ರಶ್ನೆ ಕೈಬಿಡಿ. ಅರ್ಥವಾದವರೂ ತಲೆಯಾಡಿಸುತ್ತಾರೆ, ಆಗದವರೂ ತಲೆಯಾಡಿಸುತ್ತಾರೆ. ಅದರ ಬದಲು "ಗಾತ್ರ ಅಷ್ಟೇ ಇದ್ದು ತಾಪಮಾನ ಕೆಲ್ವಿನ್‌ನಲ್ಲಿ ಇಮ್ಮಡಿಯಾದರೆ ಒತ್ತಡ ಏನಾಗುತ್ತದೆ?" ಎಂಬಂಥದ್ದನ್ನು ಕೇಳಿ. ಕೇಳಿದ ಮೇಲೆ ಕಾಯಿರಿ. ಅಧ್ಯಾಪಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡು ಮಾತ್ರ ಕಾಯುತ್ತಾರೆ, ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವೂ ಉತ್ತಮವೂ ಆಗುತ್ತವೆ ಎಂದು ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಬೇರೆ ಭಾಷೆಯಲ್ಲಿ ವಾಕ್ಯ ಕಟ್ಟಬೇಕಾದವರಿಗೆ ಮೂರು ಸೆಕೆಂಡೂ ಸಾಲದು. ಮನಸ್ಸಿನಲ್ಲಿ ಹತ್ತು ಎಣಿಸಿ. ಅದಕ್ಕಿಂತ ಒಳ್ಳೆಯದು, ಒಂದು ನಿಮಿಷ ಬರೆಯಲು ಬಿಟ್ಟು, ಎರಡು ನಿಮಿಷ ಪಕ್ಕದವರೊಡನೆ ಮಾತಾಡಿಸಿ, ಆಮೇಲೆ ಕೇಳಿ. ತರಗತಿಯಲ್ಲಿ ಪಾಲ್ಗೊಂಡಿದ್ದಕ್ಕೆ ಅಂಕವಿದ್ದರೆ ಬರೆದು ಕಳಿಸಿದ ಪ್ರಶ್ನೆಯೂ ಲೆಕ್ಕಕ್ಕೆ ಬರಲಿ. ಮೌನವಾಗಿ ಕೇಳುವುದೇ ಗೌರವ ಎಂದು ಕಲಿತು ಬಂದವರಿಗೆ ಕೈಯೆತ್ತುವ ಅಭ್ಯಾಸ ಒಂದೇ ವಾರಕ್ಕೆ ಬರುವುದಿಲ್ಲ.

ಓದಬೇಕಾದದ್ದಕ್ಕೆ ಗಂಟೆಯ ಲೆಕ್ಕ

ಯುರೋಪಿನ ಕ್ರೆಡಿಟ್ ಪದ್ಧತಿಯಲ್ಲಿ ಒಂದು ಕ್ರೆಡಿಟ್ಟಿಗೆ 25ರಿಂದ 30 ಗಂಟೆ ಕೆಲಸ. ಐದು ಕ್ರೆಡಿಟ್ಟಿನ ಕೋರ್ಸು 15 ವಾರ ನಡೆದರೆ ವಾರಕ್ಕೆ ಹೆಚ್ಚೆಂದರೆ ಹತ್ತು ಗಂಟೆ. ತರಗತಿಗೆ ನಾಲ್ಕು, ಅಸೈನ್‌ಮೆಂಟಿಗೆ ಎರಡು ಹೋದರೆ ಓದಲು ಉಳಿಯುವುದು ನಾಲ್ಕು. ಈಗ 10,000 ಪದದ ಒಂದು ಲೇಖನ ತೆಗೆದುಕೊಳ್ಳಿ. ಮಾತೃಭಾಷೆಯಲ್ಲಿ ನಿಮಿಷಕ್ಕೆ 240 ಪದದಂತೆ ಓದುವವರಿಗೆ 42 ನಿಮಿಷ. ಎರಡನೆಯ ಭಾಷೆಯಲ್ಲಿ ನಿಮಿಷಕ್ಕೆ 100 ಪದದಂತೆ, ಪದ ಹುಡುಕುತ್ತಾ ಟಿಪ್ಪಣಿ ಮಾಡುತ್ತಾ ಓದುವವರಿಗೆ 100 ನಿಮಿಷ. ಮೂರು ಲೇಖನ ಕೊಟ್ಟರೆ ಐದು ಗಂಟೆ. ಲೆಕ್ಕ ಅಲ್ಲೇ ತಪ್ಪಿತು.

ಹಾಗೆಂದು ಓದನ್ನು ತೆಳುಮಾಡಬೇಕಿಲ್ಲ. ಪಟ್ಟಿಯನ್ನು 'ಓದಲೇಬೇಕು', 'ಓದಿದರೆ ಒಳ್ಳೆಯದು', 'ಆಸಕ್ತಿಯಿದ್ದರೆ' ಎಂದು ಒಡೆಯಿರಿ. ಮೊದಲ ಗುಂಪಿನಲ್ಲಿ ಯಾವ ಪುಟದಿಂದ ಯಾವ ಪುಟ ಎಂದು ಹೇಳಿ, ಓದುತ್ತಾ ಉತ್ತರ ಹುಡುಕಲು ಮೂರು ಪ್ರಶ್ನೆ ಕೊಡಿ. ಹತ್ತು ಪುಸ್ತಕದ ಪಟ್ಟಿ ಕೊಟ್ಟರೆ ಅಲ್ಲೇ ಬೆಳೆದ ವಿದ್ಯಾರ್ಥಿಗೆ ಅದರಲ್ಲಿ ಎರಡು ಓದಿದರೆ ಸಾಕೆಂಬುದು ಗೊತ್ತಿರುತ್ತದೆ. ಹೊಸಬರು ಹತ್ತನ್ನೂ ಮೊದಲ ಪುಟದಿಂದ ಹಿಡಿದು, ಎರಡನೆಯ ಪುಸ್ತಕದಲ್ಲೇ ಸೋತು ಕೂರುತ್ತಾರೆ.

ಗುಂಪು ಕೆಲಸ

ಗುಂಪು ನೀವೇ ಮಾಡಿಕೊಳ್ಳಿ ಎಂದರೆ ಒಂದೇ ಭಾಷೆಯವರು ಒಂದು ಕಡೆ ಸೇರುತ್ತಾರೆ, ಯಾರಿಗೂ ಬೇಡವಾದ ಇಬ್ಬರು ಉಳಿಯುತ್ತಾರೆ. ಗುಂಪು ಅಧ್ಯಾಪಕರೇ ಮಾಡಬೇಕು. ನಾಲ್ವರು ಸಾಕು, ಆರಾದರೆ ಇಬ್ಬರು ಮಾಯವಾಗುತ್ತಾರೆ. ಒಬ್ಬರೇ ವಿದೇಶಿ ವಿದ್ಯಾರ್ಥಿಯನ್ನು ಮೂವರು ಗೆಳೆಯರ ನಡುವೆ ಕೂರಿಸಬೇಡಿ. ಅದೇ ಗುಂಪು ಕನಿಷ್ಠ ನಾಲ್ಕೈದು ವಾರ ಇರಲಿ, ವಾರಕ್ಕೊಮ್ಮೆ ಬದಲಿಸಿದರೆ ಪರಿಚಯದಲ್ಲೇ ಹೊತ್ತು ಹೋಗುತ್ತದೆ.

ಮೊದಲ ಸಭೆ ತರಗತಿಯಲ್ಲೇ, 20 ನಿಮಿಷ, ಅಂಕವಿಲ್ಲದೆ. ಯಾವ ಭಾಷೆಯಲ್ಲಿ ಮಾತಾಡುವುದು, ಸಂದೇಶಕ್ಕೆ ಎಷ್ಟು ಹೊತ್ತಿನಲ್ಲಿ ಉತ್ತರಿಸುವುದು, ಒಪ್ಪದಿದ್ದಾಗ ಹೇಗೆ ತೀರ್ಮಾನಿಸುವುದು, ಕರಡು ಯಾವ ದಿನ ಮುಗಿಯಬೇಕು ಎಂಬ ನಾಲ್ಕನ್ನೂ ಒಂದು ಹಾಳೆಯಲ್ಲಿ ಬರೆದು ನಾಲ್ವರೂ ಸಹಿ ಹಾಕಲಿ.

ಕೆಟ್ಟುಹೋಗುವುದು ಹೆಚ್ಚಾಗಿ ಹೀಗೆ: ಭಾಷೆ ಸಲೀಸಾಗಿರುವವರು ಬರೆಯುವುದನ್ನು ಪೂರಾ ತಮ್ಮ ಕೈಗೆ ತೆಗೆದುಕೊಳ್ಳುತ್ತಾರೆ, ಉಳಿದವರ ಪಾಲಿಗೆ ಸ್ಲೈಡಿಗೆ ಬಣ್ಣ ಹಚ್ಚುವುದು, ಆಕರಗಳ ಪಟ್ಟಿ ಜೋಡಿಸುವುದು ಉಳಿಯುತ್ತದೆ. ಕೊನೆಗೆ ಒಂದು ಕಡೆ "ನಾವೇ ಎಲ್ಲ ಮಾಡಿದೆವು" ಎಂಬ ದೂರು, ಇನ್ನೊಂದು ಕಡೆ "ನಮಗೆ ಬಿಟ್ಟೇ ಕೊಡಲಿಲ್ಲ" ಎಂಬ ಬೇಸರ. ಇದನ್ನು ತಡೆಯುವುದು ಉಪದೇಶದಿಂದಲ್ಲ, ಕೆಲಸದ ರಚನೆಯಿಂದ. ನಾಲ್ವರಿಗೂ ಬೇರೆ ಬೇರೆ ಮಾಹಿತಿ ಕೊಟ್ಟು, ಒಬ್ಬರದು ಇಲ್ಲದೆ ಇನ್ನೊಬ್ಬರ ಉತ್ತರ ಪೂರ್ತಿಯಾಗದಂತೆ ಮಾಡಿ. ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ 1971ರಲ್ಲಿ ಶಾಲಾ ಮಕ್ಕಳಿಗೆಂದು ರೂಪಿಸಿದ 'ಜಿಗ್‌ಸಾ' ವಿಧಾನದ ತಿರುಳು ಇದೇ, ಸ್ನಾತಕೋತ್ತರ ತರಗತಿಯಲ್ಲೂ ನಡೆಯುತ್ತದೆ. ಅಂಕವನ್ನು ಇಬ್ಭಾಗ ಮಾಡಿ: ಅರ್ಧ ಗುಂಪಿನ ವರದಿಗೆ, ಅರ್ಧ ಅವರವರ ಹೆಸರಿನಲ್ಲಿ ಬರೆದ ಭಾಗಕ್ಕೆ.

ಬರವಣಿಗೆ, ಆಕರ, ಅನುಮಾನ

ಎರಡನೆಯ ವಾರದಲ್ಲಿ 300 ಪದದ, ಅಂಕವಿಲ್ಲದ ಒಂದು ಬರಹ ತರಿಸಿ, ಏಳು ದಿನದೊಳಗೆ ಟಿಪ್ಪಣಿ ಬರೆದು ಹಿಂತಿರುಗಿಸಿ. ಸಮಸ್ಯೆ ಎರಡನೆಯ ವಾರ ಗೊತ್ತಾದರೆ ಸರಿಪಡಿಸಬಹುದು, ಹನ್ನೆರಡನೆಯ ವಾರ ಗೊತ್ತಾದರೆ ಶಿಕ್ಷಿಸುವುದೊಂದೇ ಉಳಿಯುತ್ತದೆ.

'ಚರ್ಚಿಸಿ', 'ವಿಮರ್ಶಿಸಿ', 'ವಿವರಿಸಿ' ಎಂಬ ಪದಗಳಿಗೆ ನಿಮ್ಮ ವಿಭಾಗದಲ್ಲಿ ಏನರ್ಥವೋ ಬರೆದುಕೊಡಿ. 'ವಿಮರ್ಶಾತ್ಮಕವಾಗಿ' ಎಂದರೆ ತಪ್ಪು ಹುಡುಕುವುದು ಎಂದುಕೊಂಡು ಎರಡು ಪುಟ ಬೈದಿಟ್ಟವರೂ ಇರುತ್ತಾರೆ, ಹಿರಿಯ ವಿದ್ವಾಂಸರನ್ನು ಪ್ರಶ್ನಿಸುವುದು ಉದ್ಧಟತನ ಎಂದು ಬರೀ ಸಾರಾಂಶ ಬರೆದವರೂ ಇರುತ್ತಾರೆ. ಹಿಂದಿನ ವರ್ಷಗಳ ಎರಡು ಉತ್ತರಗಳನ್ನು, ಒಂದು ಸಾಧಾರಣ, ಒಂದು ಉತ್ತಮ, ಬರೆದವರ ಒಪ್ಪಿಗೆ ಪಡೆದು ಹೆಸರು ತೆಗೆದು, ಅಂಚಿನಲ್ಲಿ ನಿಮ್ಮ ಟಿಪ್ಪಣಿಯೊಂದಿಗೆ ತೋರಿಸಿ. ನಾಲ್ಕು ಪುಟದ ಸೂಚನೆಗಿಂತ ಇದು ಹೆಚ್ಚು ಕಲಿಸುತ್ತದೆ.

ಕೃತಿಚೌರ್ಯದ ಬಗ್ಗೆ ನಿಯಮಾವಳಿ ಓದಿಸಿ ಸಹಿ ಮಾಡಿಸಿಕೊಂಡರೆ ಕಡತಕ್ಕೆ ಸಮಾಧಾನ, ವಿದ್ಯಾರ್ಥಿಗೆ ಏನೂ ಇಲ್ಲ. 150 ಪದದ ಒಂದು ಮೂಲ ಪರಿಚ್ಛೇದ ಕೊಡಿ, ಅದರ ಮೂರು ರೂಪ ತೋರಿಸಿ: ನೇರ ನಕಲು, ಅಲ್ಲೊಂದು ಇಲ್ಲೊಂದು ಪದ ಬದಲಿಸಿದ ತೇಪೆ, ನಿಜವಾಗಿ ಸ್ವಂತ ಮಾತಿನಲ್ಲಿ ಬರೆದದ್ದು. ಯಾವುದು ಏಕೆ ಸರಿ ಎಂದು ಅವರೇ ಹೇಳಲಿ. ತೇಪೆ ಬರವಣಿಗೆ ಹಲವು ಸಲ ಕಳ್ಳತನವಲ್ಲ, ಭಾಷೆ ಇನ್ನೂ ಕೈಗೆ ಹತ್ತದವರು ದಾಟುವ ಒಂದು ಹಂತ ಎಂದು ಬರವಣಿಗೆಯ ಬೋಧನೆಯನ್ನು ಅಧ್ಯಯನ ಮಾಡುವ ರೆಬೆಕಾ ಮೂರ್ ಹೊವಾರ್ಡ್ 1990ರ ದಶಕದಲ್ಲಿ ವಾದಿಸಿದರು. ಅದನ್ನು ತಿದ್ದುವ ದಾರಿಯೇ ಬೇರೆ.

ಹೋಲಿಕೆ ಪತ್ತೆ ಮಾಡುವ ತಂತ್ರಾಂಶ ಕೊಡುವ ಸಂಖ್ಯೆ ತೀರ್ಪಲ್ಲ. ಶೇಕಡಾ 30 ಬಂದದ್ದು ಆಕರಪಟ್ಟಿ ಮತ್ತು ಉದ್ಧರಣೆಗಳಿಂದಲೇ ಇರಬಹುದು. ಶೇಕಡಾ 5 ಬಂದಿರುವಲ್ಲಿ ಮುಖ್ಯ ವಾದದ ಪರಿಚ್ಛೇದವೇ ಎತ್ತಿದ್ದಾಗಿರಬಹುದು. ವರದಿ ತೆರೆದು ನೋಡಿ. ಎಐ ಬರಹ ಪತ್ತೆಹಚ್ಚುತ್ತೇವೆ ಎನ್ನುವ ಸಾಧನಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಏಳು ಸಾಧನಗಳಿಗೆ ಕೊಟ್ಟಾಗ, ಅವು ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ಯಂತ್ರ ಬರೆದದ್ದು ಎಂದು ತಪ್ಪಾಗಿ ಹೇಳಿದವು. ಸೀಮಿತ ಪದಗಳು, ನೇರ ವಾಕ್ಯಗಳು ಆ ಸಾಧನಗಳಿಗೆ ಯಂತ್ರದಂತೆ ಕಾಣುತ್ತವೆ. ಅನುಮಾನ ಬಂದರೆ ಕರಡುಗಳನ್ನು ಕೇಳಿ, ಹತ್ತು ನಿಮಿಷ ಕೂರಿಸಿ ಬರಹದ ಬಗ್ಗೆ ಮಾತಾಡಿಸಿ.

ಟಿಪ್ಪಣಿ ಬರೆಯುವಾಗ ಮೆತ್ತಗಿನ ಮಾತು ಕೈಕೊಡುತ್ತದೆ. 'ಯು ಮೈಟ್ ವಾಂಟ್ ಟು ಕನ್ಸಿಡರ್' (ಇದನ್ನು ಯೋಚಿಸಿ ನೋಡಬಹುದು) ಎಂದು ನೀವು ಬರೆದದ್ದು ಆಜ್ಞೆ, ಅವರು ಓದಿಕೊಂಡದ್ದು 'ಬೇಕಿದ್ದರೆ ಮಾಡಿ, ಬೇಡವಾದರೆ ಬಿಡಿ' ಎಂದು. "ಈ ಭಾಗವನ್ನು ಮತ್ತೆ ಬರೆಯಿರಿ, ಪುರಾವೆ ಇಲ್ಲ" ಎಂದೇ ಬರೆಯಿರಿ. ವ್ಯಾಕರಣವನ್ನು ಮೊದಲ ಪುಟದಲ್ಲಿ ಮಾತ್ರ ತಿದ್ದಿ, ಮತ್ತೆ ಮತ್ತೆ ಬರುವ ಎರಡು ತಪ್ಪುಗಳನ್ನಷ್ಟೇ ಗುರುತಿಸಿ. ಪುಟವೆಲ್ಲ ಕೆಂಪಾದರೆ ಯಾವುದನ್ನೂ ಓದುವುದಿಲ್ಲ.

ಪರೀಕ್ಷೆ, ಅಂಕ

ಪ್ರಶ್ನೆಯ ವಾಕ್ಯ ಚಿಕ್ಕದಾಗಿರಲಿ, ಒಂದು ವಾಕ್ಯದಲ್ಲಿ ಒಂದೇ ಕೆಲಸ ಹೇಳಿ. 'ಈ ಕೆಳಗಿನವುಗಳಲ್ಲಿ ಯಾವುದು ಸರಿಯಲ್ಲದ್ದಲ್ಲ' ಎಂಬ ಬಗೆಯ ಎರಡು ನಿಷೇಧ ಬೇಡ. 'ಅಲ್ಲ' ಇರಲೇಬೇಕಾದರೆ ದಪ್ಪಕ್ಷರದಲ್ಲಿರಲಿ. ಎರಡು ಗಂಟೆಯ ಪತ್ರಿಕೆಯನ್ನು ನೀವು 40 ನಿಮಿಷದೊಳಗೆ ಬರೆದು ಮುಗಿಸುವಂತಿರಬೇಕು. ಅದಕ್ಕಿಂತ ಹೆಚ್ಚು ಹಿಡಿದರೆ ನೀವು ಅಳೆಯುತ್ತಿರುವುದು ಓದುವ ವೇಗವನ್ನು. ಎಲ್ಲರಿಗೂ ಸಾಕಷ್ಟು ಹೊತ್ತು ಇರುವಂತೆ ಪತ್ರಿಕೆ ಮಾಡಿದರೆ, ಯಾರಿಗೆ ಹೆಚ್ಚುವರಿ ಸಮಯ ಎಂಬ ಜಗಳವೂ ತಪ್ಪುತ್ತದೆ. ದ್ವಿಭಾಷಾ ಅರ್ಥಕೋಶಕ್ಕೆ ಅವಕಾಶ ಇದೆಯೋ ಇಲ್ಲವೋ ಎಂಬುದನ್ನು ಪರೀಕ್ಷಾ ಕೊಠಡಿಯ ಬಾಗಿಲಲ್ಲಿ ತೀರ್ಮಾನಿಸುವಂತಾಗಬಾರದು, ಮೊದಲ ವಾರವೇ ಬರಹದಲ್ಲಿ ಹೇಳಿ.

ಅಂಕಿಗಳೂ ಎಲ್ಲ ಕಡೆ ಒಂದೇ ಅಲ್ಲ. 1.234 ಎಂಬುದು ಜರ್ಮನಿಯಿಂದ ಬಂದವರಿಗೆ ಸಾವಿರದ ಇನ್ನೂರ ಮೂವತ್ನಾಲ್ಕು, ಅಲ್ಲಿ ದಶಮಾಂಶಕ್ಕೆ ಅಲ್ಪವಿರಾಮ. 03/04 ಕೆಲವರಿಗೆ ಏಪ್ರಿಲ್ 3, ಕೆಲವರಿಗೆ ಮಾರ್ಚ್ 4. ಸ್ಪ್ಯಾನಿಷಿನ 'ಬಿಲ್ಯೋನ್' ಇಂಗ್ಲಿಷಿನ ಬಿಲಿಯನ್ನಿನ ಸಾವಿರ ಪಟ್ಟು. ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ, ದೊಡ್ಡ ಸಂಖ್ಯೆಗೆ ಹತ್ತರ ಘಾತ ಬಳಸಿ.

ಬಂದ ಅಂಕದ ಅರ್ಥವನ್ನೂ ಹೇಳಿಕೊಡಬೇಕು. ಬ್ರಿಟನ್ನಿನಲ್ಲಿ 70 ಬಂದರೆ ಅದು ಪ್ರಥಮ ದರ್ಜೆ. 90ರ ಅಭ್ಯಾಸವಿದ್ದವರು 68 ನೋಡಿ ಕುಸಿದುಬಿಡುತ್ತಾರೆ. ಜರ್ಮನಿಯಲ್ಲಿ 1.0 ಅತ್ಯುತ್ತಮ, 5.0 ಅನುತ್ತೀರ್ಣ; 4.0 ಅತ್ಯುತ್ತಮವಾಗಿರುವ ಅಮೆರಿಕದ ಪದ್ಧತಿಯಿಂದ ಬಂದವರಿಗೆ ಇದು ತಲೆಕೆಳಗು. ಹೋದ ವರ್ಷ ಎಷ್ಟು ಜನಕ್ಕೆ ಯಾವ ಶ್ರೇಣಿ ಬಂತು ಎಂಬ ಒಂದು ಚಿಕ್ಕ ಕೋಷ್ಟಕ ಸಾಕು.

ವೇಳಾಪಟ್ಟಿಯ ಸಣ್ಣಪುಟ್ಟ

ವೀಸಾ ತಡವಾಗಿ ಕೆಲವರು ಎರಡನೆಯ ಅಥವಾ ಮೂರನೆಯ ವಾರ ಬರುತ್ತಾರೆ. ಮೊದಲ ಎರಡು ವಾರ ಅಂಕದ ಕೆಲಸ ಬೇಡ, ತಡವಾಗಿ ಬಂದವರು ಮೊದಲು ನೋಡಬೇಕಾದ ಐದು ವಿಷಯಗಳ ಹಾಳೆಯೊಂದು ತಯಾರಿರಲಿ. ಗಡುವನ್ನು 'ಶುಕ್ರವಾರ ಮಧ್ಯರಾತ್ರಿ' ಎಂದು ಬರೆಯದೆ, ದಿನಾಂಕ, 23:59, ಯಾವ ದೇಶದ ಸಮಯ ಎಂದು ಪೂರ್ತಿ ಬರೆಯಿರಿ. ರಂಜಾನ್ ತಿಂಗಳು ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ, ಪರೀಕ್ಷೆಯ ದಿನ ನಿಗದಿ ಮಾಡುವ ಮೊದಲು ಕ್ಯಾಲೆಂಡರ್ ನೋಡಿ. ಗಡಿಯಾಚೆ ಕ್ಷೇತ್ರಭೇಟಿ ಇದ್ದರೆ ಮರುಪ್ರವೇಶದ ವೀಸಾ ಬೇಕಾಗಬಹುದು, ಆದ್ದರಿಂದ ತಿಂಗಳುಗಟ್ಟಲೆ ಮೊದಲೇ ತಿಳಿಸಿ.

'ಆಫೀಸ್ ಅವರ್ಸ್' ಎಂದರೆ ಅಧ್ಯಾಪಕರು ಕೆಲಸ ಮಾಡುವ ಹೊತ್ತು, ತೊಂದರೆ ಕೊಡಬಾರದು ಎಂದು ತಿಳಿದವರು ಇದ್ದಾರೆ. 'ವಿದ್ಯಾರ್ಥಿಗಳ ಪ್ರಶ್ನೆಗೆ ಮೀಸಲಾದ ಗಂಟೆ' ಎಂದು ಬೋರ್ಡು ಹಾಕಿ, ಮೊದಲ ಮೂರು ವಾರದೊಳಗೆ ಇಬ್ಬಿಬ್ಬರಾಗಿ ಐದೈದು ನಿಮಿಷ ಬಂದು ಹೋಗುವುದನ್ನು ಕಡ್ಡಾಯ ಮಾಡಿ. ಒಮ್ಮೆ ಬಾಗಿಲು ದಾಟಿದವರು ಮತ್ತೆ ಬರುತ್ತಾರೆ. ಹೆಸರನ್ನು ಹೇಗೆ ಕರೆಯಬೇಕು ಎಂದು ಆಗಲೇ ಕೇಳಿಕೊಳ್ಳಿ. ಮನೆತನದ ಹೆಸರು ಮೊದಲು ಬರುವ ಭಾಷೆಗಳಿವೆ, ಒಂದೇ ಹೆಸರಿರುವವರೂ ಇದ್ದಾರೆ. ಫಾರಂ ಕೇಳಿತೆಂದು ಎರಡನೆಯದನ್ನು ಹುಟ್ಟಿಸಬೇಡಿ.

ಕೆಲಸ ಆಗುತ್ತಿದೆಯೇ ಎಂದು ನೋಡುವುದು

ನಾಲ್ಕನೆಯ ವಾರ ಎಲ್ಲರಿಗೂ ಒಂದು ಚೀಟಿ ಕೊಡಿ: ಯಾವುದು ಅರ್ಥವಾಗುತ್ತಿದೆ, ಯಾವುದು ಆಗುತ್ತಿಲ್ಲ, ಯಾವುದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತಿದೆ. ಹೆಸರು ಬೇಡ. ವಿದೇಶಿ ವಿದ್ಯಾರ್ಥಿಗಳಿಗೆ ಮಾತ್ರ ಕೊಟ್ಟರೆ, ಅದರಲ್ಲೂ ಅವರು ಮೂವರೇ ಇದ್ದರೆ, ಹೆಸರಿಲ್ಲದಿದ್ದರೂ ಯಾರು ಬರೆದದ್ದೆಂದು ಗೊತ್ತಾಗುತ್ತದೆ, ನಿಜ ಹೊರಬರುವುದಿಲ್ಲ. ಬಂದ ಉತ್ತರಗಳಲ್ಲಿ ಒಂದನ್ನಾದರೂ ಮರುವಾರವೇ ಜಾರಿಗೆ ತಂದು, ಚೀಟಿಯಿಂದ ಬಂದ ಬದಲಾವಣೆ ಇದು ಎಂದು ತರಗತಿಯಲ್ಲಿ ಹೇಳಿ.

ಪರೀಕ್ಷೆ ಮುಗಿದ ಮೇಲೆ ಒಟ್ಟು ಅಂಕ ನೋಡಬೇಡಿ, ಪ್ರಶ್ನೆಯಿಂದ ಪ್ರಶ್ನೆಗೆ ಹೋಲಿಸಿ. ಎಲ್ಲ ಪ್ರಶ್ನೆಗಳಲ್ಲೂ ಎರಡು ಗುಂಪು ಸಮಸಮವಾಗಿದ್ದು ಮೂರನೆಯದರಲ್ಲಿ ಮಾತ್ರ ವಿದೇಶಿ ವಿದ್ಯಾರ್ಥಿಗಳು ಕೆಳಗೆ ಬಿದ್ದಿದ್ದರೆ, ತೊಂದರೆ ವಿಷಯದಲ್ಲಿರುವ ಸಂಭವ ಕಡಿಮೆ, ಆ ಪ್ರಶ್ನೆಯ ಮಾತಿನಲ್ಲೋ ಉದಾಹರಣೆಯಲ್ಲೋ ಇರುವ ಸಂಭವ ಹೆಚ್ಚು. ಐದಾರು ಜನರ ಅಂಕ ಹಿಡಿದು ಗಟ್ಟಿ ತೀರ್ಮಾನಕ್ಕೆ ಬರಲಾಗದು, ಎರಡು ಮೂರು ವರ್ಷದ್ದನ್ನು ಕೂಡಿಸಿ ನೋಡಿ. ಮುಂದಿನ ಸಲ ಕೆಂಪು ಪೆನ್ನು ಹಿಡಿದು ಕೂತಾಗ ಆ ಮೂರನೆಯ ಪ್ರಶ್ನೆಯಿಂದಲೇ ಶುರುಮಾಡಿ.